ಎರಡನೇ ಪದರದಲ್ಲಿ ಮರದ ಹೆಸರು

ಇಸಳೂರು, ಶಿರಸಿ
ಭಾನುವಾರ, ೧೮ ಮೇ ೨೦೨೫

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತಾ? ಕೂಸು ಹಗಲೆಲ್ಲ ಮಲಗಿ ರಾತ್ರಿ ನಿಮ್ಮನ್ನು ಕುಣಿಸುತ್ತಿದೆ ಎಂದು ಭಾವ ಹೇಳಿದರು. ರಕ್ಷಿತಾ ಪ್ರಯಾಣ ಮಾಡಬಾರದು ಎಂದು ಡಾಕ್ಟರು ಹೇಳಿದ್ದಕ್ಕೆ ಇಲ್ಲಿ ಆಗಬೇಕಿದ್ದ ಬಾಣಂತನ ಉಮ್ಮಚಗಿಯಲ್ಲಿ ಅವಳ ಗಂಡನ ಮನೆಯಲ್ಲೇ ಆಗುತ್ತಿದೆ. ನನಗೆ ಬಾಣಂತಿಗಿಂತ ನಿನ್ನದೇ ಚಿಂತೆ. ಬೀಗರ ಮನೆ ಎಂದು ಸಂಕೋಚಪಟ್ಟು ಅರ್ಧ ಹೊಟ್ಟೆ ಉಣ್ಣಬೇಡ. ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ನಾನು ಕೂಗಿದರೆ ಆಚೆಮನೆಯವರಿಗೂ ಕೇಳುತ್ತದೆ, ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ಪದ್ಧತಿ. ಆದರೆ ದಣಿದಿದ್ದೇನೆ ಅಮ್ಮಾ. ಮೈಯಲ್ಲ, ತಲೆ. ನಿನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿ, ಸುಮ್ಮನೆ ಅದನ್ನೇ ಉಂಡು ಎದ್ದೆ.

ನನ್ನ ಕೆಲಸ ಎಂತದು ಎಂದು ನೀನು ಕೇಳಿದಾಗಲೆಲ್ಲ 'ಕಂಪ್ಯೂಟರಿನಲ್ಲಿ ಫಾರ್ಮು ಮಾಡುವುದು' ಎಂದು ಹಾರಿಸಿಬಿಡುತ್ತಿದ್ದೆ. ಇವತ್ತು ಸರಿಯಾಗಿ ಹೇಳುತ್ತೇನೆ. ಕಮಲಾಕರ ಅವರ ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಮಾವಿನ ಮಿಡಿ ಬಂದದ್ದು, ತೂಗಿದ್ದು, ಉಪ್ಪಿಗೆ ಹಾಕಿದ್ದು, ಜಾಡಿ ತುಂಬಿದ್ದು ಎಲ್ಲವೂ ಈಗ ಪರದೆಯ ಮೇಲೆ. ಎಲ್ಲವನ್ನೂ ಒಂದೇ ಸಲ ಕೇಳಿದರೆ ಕೆಲಸದವರು ಕಂಗಾಲಾಗುತ್ತಾರೆ. ಅದಕ್ಕೇ ಪದರ ಮಾಡುವುದು. ದಿನವೂ ಬೇಕಾದದ್ದು ಮೇಲಿನ ಪದರದಲ್ಲಿ, ಉಳಿದದ್ದು 'ಹೆಚ್ಚಿನ ವಿವರ' ಎಂಬ ಗುಂಡಿಯ ಹಿಂದೆ. ನೆಂಟರು ಬಂದರೆ ನೀನು ಮಾಡುವುದೂ ಇದನ್ನೇ ತಾನೆ? ಬಾಗಿಲಿಗೆ ಬಂದವರಿಗೆ 'ಆಸರಿಗೆ ಎಂತ ಅಡ್ಡಿಲ್ಲೆ?' ಎಂದು ಬಾಯಾರಿಕೆ ಕೇಳಿ ಮೊದಲು ನೀರು ಬೆಲ್ಲ ಕೊಡುತ್ತೀಯ. ಆಮೇಲೆ ಊರ ಸುದ್ದಿ. ಬಂದ ಕೆಲಸ ಎಂತದು ಎನ್ನುವುದು ಎಲೆಯಡಿಕೆಯ ಕವಳದ ಬಟ್ಟಲು ಮುಂದಿಟ್ಟ ಮೇಲೆ. ನಿನ್ನ ಮುಖ್ಯ ಮಾತಂತೂ ಅವರು ಹೊರಟು ಚಪ್ಪಲಿ ಮೆಟ್ಟಿದ ಮೇಲೆಯೇ. ಯಾವುದನ್ನು ಮೇಲಿಡಬೇಕು, ಯಾವುದನ್ನು ಒಳಗಿಡಬೇಕು ಎಂದು ಜಗಳ ಆಡಿ ಆಡಿ ನನ್ನ ಗಂಟಲು ಕಟ್ಟಿದೆ.

ಈ ಸಲದ ಜಗಳ ಮರದ್ದು. ಒಂದೊಂದು ಅಪ್ಪೆಮರದ ಮಿಡಿಗೂ ಬೇರೆ ಭರಣಿ ಇಡುವವಳು ನೀನು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಫಾರ್ಮಿನ ಮೇಲಿನ ಪದರದಲ್ಲೇ 'ಯಾವ ಮರದ ಮಿಡಿ' ಎಂದು ಇಟ್ಟಿದ್ದೆ. ಕಮಲಾಕರ ಅವರು ನೋಡಿ, 'ಗಿರಾಕಿ ಜಾಡಿ ನೋಡ್ತಾನೆ, ಮರ ನೋಡ್ತಾನಾ? ಒಳಗೆ ಹಾಕು' ಎಂದರು. ಪೀಪಾಯಿಗೆ ಅಂಟಿಸುವ ಚೀಟಿಯಲ್ಲಿ ಅಚ್ಚಾಗುವುದು ಮೇಲಿನ ಪದರ ಮಾತ್ರ, ಮರದ ಹೆಸರು ಒಳಗೆ ಹೋದರೆ ಮಿಡಿ ಬೆರಕೆಯಾಗುತ್ತದೆ ಎಂದು ನಾನು ಬೇಡಿಕೊಂಡೆ. ಕೇಳಲಿಲ್ಲ. ಸಂಬಳ ಕೊಡುವವರು ಅವರು, ಒಳಗೆ ಹಾಕಿದೆ.

ಮಿಡಿ ತೂಗಿ ಇಳಿಸಿಕೊಳ್ಳುವ ಜಾಗದಲ್ಲಿ ಇರುವವಳು ನಿಲ್ಕುಂದದ ನಿನ್ನ ತಿಮ್ಮಿ. ಗಂಡ ತೀರಿಕೊಂಡ ಮೇಲೆ ಅವಳು ಮನೆಯಿಂದ ಹೊರಗೇ ಬರದಿದ್ದಾಗ, 'ಹೆದರಡ ಹೋಗು, ನಮ್ಮ ಕೂಸು ಅಲ್ಲೇ ಇದ್ದು' ಎಂದು ನನ್ನ ಹೆಸರು ಹೇಳಿ ಕಳಿಸಿದವಳು ನೀನೇ. ತೊಟ್ಟು ಮುರಿದು ಸೊನೆ ಮೂಸಿ, 'ಅಮಾ, ಈ ಮಿಡಿ ಬ್ಯಾರೆ, ಆ ಮಿಡಿ ಬ್ಯಾರೆ, ಕೂಡ್ಸಿಟ್ರೆ ಕೆಡ್ತದೆ' ಎನ್ನುತ್ತಿದ್ದಳು. ಗಾಡಿಗಳು ಸಾಲುಗಟ್ಟಿದ ದಿನ ಅವಳು ಒಳಗಿನ ಪದರ ತೆರೆದು ಮರದ ಹೆಸರು ಹುಡುಕುತ್ತಾ ಕೂತರೆ, 'ಮೇಲಿನದಷ್ಟೇ ತುಂಬು, ಬೇಗ ಮುಗ್ಸು' ಎಂದು ಯಜಮಾನರು ಗದರಿದರು. ಪಾಪ, ಅವಳು ಪೀಪಾಯಿಗಳ ಮೇಲೆ ಸೀಮೆಸುಣ್ಣದಲ್ಲಿ ಮರದ ಹೆಸರು ಬರೆದಿಟ್ಟಳು. ಹೊರಗಿನ ವ್ಯಾಪಾರಿಗಳು ನೋಡಲು ಬರುತ್ತಾರೆಂದು ಅದನ್ನೂ ಒರೆಸಿಸಿದರು. ಉಳಿದದ್ದು ಚೀಟಿಯ ತೂಕ ಮತ್ತು ತಾರೀಕು. ಉಪ್ಪಿಗೆ ಹಾಕುವವರು ಅದನ್ನೇ ನೋಡಿ ಒಂದೇ ದಿನ ಬಂದದ್ದನ್ನೆಲ್ಲ ದೊಡ್ಡ ಪೀಪಾಯಿಗೆ ಒಟ್ಟಿಗೆ ಸುರಿದರು. ಹೋದ ವಾರ ಮುಚ್ಚಳ ತೆಗೆದರೆ ಒಂದು ಮರದ ಮಿಡಿ ಮೆತ್ತಗಾಗಿ, ತನ್ನ ಜೊತೆಗೆ ಗಟ್ಟಿ ಮಿಡಿಯನ್ನೂ ಕೆಡಿಸಿದೆ. ವಾಸನೆಗೆ ಒಳಗೆ ನಿಲ್ಲಲಾಗಲಿಲ್ಲ.

ಈಗ ಯಾರದಾದರೂ ತಲೆ ಬೇಕಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಮಲಾಕರ ಅವರು ನನ್ನನ್ನು ಕರೆದು ಇನ್ನೊಂದು ಫಾರ್ಮು ಮಾಡು ಎಂದರು. ಮೇಲಿನ ಪದರದಲ್ಲಿ 'ಮಿಡಿ ಹಾಳಾಗಿರುವುದು ನಿಜ' ಎಂಬ ಒಂದು ಸಾಲು, ಅದರ ಕೆಳಗೆ 'ಒಪ್ಪಿದೆ' ಎಂಬ ಗುಂಡಿ. 'ಮರ ನಮೂದಿಸದೆ ಬೆರಕೆ ಮಾಡಿದ್ದು ನನ್ನ ತಪ್ಪು, ಕೆಲಸ ಬಿಡುತ್ತೇನೆ' ಎಂಬುದು ಹೆಚ್ಚಿನ ವಿವರದ ಒಳಗೆ. ನಾಳೆ ಬೆಳಿಗ್ಗೆ ತಿಮ್ಮಿ ಅದನ್ನು ಒತ್ತಬೇಕು. ಅವಳು ಒತ್ತುತ್ತಾಳೆ ಅಮ್ಮಾ, ಯಾಕೆಂದರೆ ಹಾಳಾಗಿದ್ದು ನಿಜವೇ, ಮತ್ತೆ ಒಳಗಿನದನ್ನು ತೆರೆಯಬೇಡ ಎಂದು ಅವಳಿಗೆ ಕಲಿಸಿಟ್ಟಿದ್ದಾರೆ. 'ಪದರ ಹಾಕೂದು ನಿಂಗೆ ಹೇಳಿಕೊಡಬೇಕಾ?' ಎಂದು ನಕ್ಕರು. ಇಷ್ಟು ವರ್ಷ ಜನರಿಗೆ ಸುಲಭವಾಗಲಿ ಎಂದು ಕಲಿತ ಕೆಲಸ ಇದು. ಬೇಡ ಎಂದರೆ ಬೇರೆ ಯಾರೋ ಮಾಡಿಕೊಡುತ್ತಾರೆ. ಮಾಡಿದರೆ ನಿನ್ನ ಮುಖ ಹೇಗೆ ನೋಡಲಿ? ಬೆಳಿಗ್ಗೆಯಿಂದ ಪರದೆಯ ಮುಂದೆ ಕೂತಿದ್ದೇನೆ. ಚಾ ಆರಿ ಕೆನೆ ಕಟ್ಟಿದೆ.

ಇರಲಿ. ನಿನ್ನ ದಾಸವಾಳಕ್ಕೆ ನೀರು ಹಾಕುತ್ತಿದ್ದೇನೆ. ಬೆಕ್ಕು ನಿನ್ನ ಹಾಸಿಗೆಯಲ್ಲೇ ಮಲಗುತ್ತದೆ, ಬೈದರೂ ಏಳುವುದಿಲ್ಲ. ರಕ್ಷಿತಾಳಿಗೆ ತಣ್ಣೀರು ಮುಟ್ಟಬೇಡ ಎಂದು ನಾನೂ ಹೇಳಿದೆ ಎನ್ನು. ಭಾವನಿಗೆ, ಬೀಗರಿಗೆ ನನ್ನ ನಮಸ್ಕಾರ. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು.

ನಿನ್ನ
ಅನುಶ್ರೀ

ತಾ.ಕ.: ಸೋಮವಾರ ಮಧ್ಯಾಹ್ನ, ಶಿರಸಿ ಬಸ್‌ಸ್ಟ್ಯಾಂಡು. ಉಮ್ಮಚಗಿ ಮೇಲೆ ಹೋಗುವ ಯಲ್ಲಾಪುರದ ಬಸ್ಸು ಹೊರಡುತ್ತಿದೆ, ಕಂಡಕ್ಟರನ ಕೈಲಿ ಇದನ್ನು ಕೊಡುತ್ತಿದ್ದೇನೆ. ಫಾರ್ಮು ಮಾಡಿಕೊಟ್ಟೆ ಅಮ್ಮಾ. ಅವರು ಒಳಗಿಡು ಎಂದ ಸಾಲನ್ನು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಇಟ್ಟೆ. ತಿಮ್ಮಿ ಅಕ್ಷರ ಅಕ್ಷರಕ್ಕೆ ಬೆರಳಿಟ್ಟು ಎಲ್ಲರೆದುರು ಗಟ್ಟಿಯಾಗಿ ಓದಿದಳು. 'ಇದು ಸುಳ್ಳು, ನಾ ಒತ್ತೂದಿಲ್ಲ' ಎಂದಳು. ಪೀಪಾಯಿ ತೊಳೆಯುವ ಹೆಂಗಸರೂ ಕೈ ಒರೆಸಿಕೊಂಡು ಅವಳ ಪಕ್ಕ ಬಂದು ನಿಂತರು. ಅವಳನ್ನು ತೆಗೆಯಲು ಕಮಲಾಕರ ಅವರಿಗೆ ಬಾಯಿ ಬರಲಿಲ್ಲ. ನನ್ನನ್ನು ತೆಗೆದರು. ಇದನ್ನೇ ಮೊದಲ ಸಾಲಿನಲ್ಲಿ ಬರೆಯಬೇಕಿತ್ತು, ಆದರೆ ನಿನ್ನ ಮಗಳಲ್ಲವಾ, ಚಪ್ಪಲಿ ಮೆಟ್ಟಿದ ಮೇಲೆ ಹೇಳುತ್ತಿದ್ದೇನೆ. ಗುರುವಾರ ನಾನೇ ಉಮ್ಮಚಗಿಗೆ ಬರುತ್ತೇನೆ. ಬಾಗಿಲಲ್ಲೇ ನಿಲ್ಲಿಸಿ ಮುಂದೆ ಎಂತ ಮಾಡ್ತೆ ಎಂದು ಕೇಳಬೇಡ. ಮೊದಲು ಆಸರಿಗೆ ಕೊಡು.