ಇಸ್ತ್ರಿ ಯಂತ್ರದ ಮುಂದೆ ಕಲಿತ ‘ಬೇಡ’

ಅಕ್ಕಾ, ನಮಸ್ಕಾರ.

ಬಟ್ಟೆ ಒಗೆದು ಇಸ್ತ್ರಿ ಮಾಡುವ ಕಾರ್ಖಾನೆಯಲ್ಲಿ ನನ್ನನ್ನು ಎರಡು ವಾರ ನೋಡೋಣ ಎಂದು ಇಟ್ಟುಕೊಂಡಿದ್ದಾರೆ. ಇಲ್ಲಿ ಎಲ್ಲರದೂ ಸ್ಪ್ಯಾನಿಷ್. ಪಕ್ಕದ ಯಂತ್ರದವಳು ತನ್ನ ಸುಟ್ಟ ಮೊಣಕೈ ತೋರಿಸಿ, ನನಗೆ ಮೊದಲು ‘ಬೇಡ’ಗಳನ್ನೇ ಕಲಿಸಿದಳು. ನಮ್ಮ ಹಾಗೆ ಕೊನೆಗೊಂದು ‘ಬೇಡ’ ಅಂಟಿಸಿದರೆ ಸಾಲದು. ಮೊದಲು ‘ನೋ’ ಬರಬೇಕು, ಕ್ರಿಯಾಪದದ ಬಾಲವೂ ತಿರುಗಬೇಕು. ಮುಟ್ಟು ಎಂದರೆ ‘ತೋಕಾ’, ಮುಟ್ಟಬೇಡ ಎಂದರೆ ‘ನೋ ತೋಕೆಸ್’. ನಾಲಿಗೆ ತಿರುಗುವವರೆಗೂ ಉರು ಹೊಡೆದೆ. ಮೊದಲ ದಿನ ಸುಟ್ಟುಕೊಂಡ ನನ್ನ ಬೆರಳಿನ ಬೊಬ್ಬೆ ಒಣಗಿದೆ, ಚಿಂತೆ ಬಿಡು.

ಇವತ್ತು ಮೇಲ್ವಿಚಾರಕರು ನನ್ನ ಯಂತ್ರದಲ್ಲಿ ಸಿಕ್ಕಿಕೊಂಡ ಅಂಗಿಯ ಕಾಲರ್ ಎಳೆಯಲು ಕಾದ ತಟ್ಟೆಯ ಕಡೆಗೇ ಕೈ ಚಾಚಿದರು. “ನೋ ತೋಕೆಸ್!” ಎಂದು ಗದರಿಬಿಟ್ಟೆ, ಅದೂ ಏಕವಚನದಲ್ಲಿ! ಅವರ ಕೈಯೇನೋ ಉಳಿಯಿತು. ನನ್ನ ಕೆಲಸ ಹೋಯಿತೆಂದು ಚೀಲ ಹೆಗಲಿಗೇರಿಸಿದೆ. ಅವರು ಬಾಗಿಲಿಗೆ ಅಡ್ಡ ನಿಂತು “ನೋ ತೆ ವಾಯಾಸ್” ಎಂದರು. ಹೋಗಬೇಡ ಎಂದರ್ಥ.

ನಾನು ಊರು ಬಿಟ್ಟ ದಿನ ಬಸ್ಸಿನ ಕಿಟಕಿ ಹಿಡಿದು ನೀನೂ “ಹೋಗ್ಬೇಡ ಕಣೇ” ಅಂದಿದ್ದೆ. ಆವತ್ತು ನಿನ್ನ ಮಾತು ಕೇಳಲಿಲ್ಲ. ಇವತ್ತು ಅವರ ಮಾತು ಕೇಳಿದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಹಠಮಾರಿ ತಂಗಿ