ಅಮ್ಮ ಹಾಡಿದ್ದ ಕ್ಯಾಸೆಟ್

ಜೊತೆಗಾರನಿಗೆ,

ಫೋನ್ ಮಾಡಿದ್ರೆ ಬೈಗುಳ ಬಿಟ್ಟು ಬೇರೇನೂ ಬಾಯಿಗೆ ಬರಲ್ಲ, ಅದಕ್ಕೇ ಬರೀತಿದ್ದೀನಿ.

ಹಳೇ ದನಿ ಹುಡುಕಿ ತರೋದು ನಾನು, ಅದನ್ನ ಕತ್ತರಿಸಿ ತಾಳಕ್ಕೆ ಕೂರಿಸೋದು ನೀನು. ಒಂಬತ್ತು ವರ್ಷ ಹೀಗೇ ರೀಮಿಕ್ಸ್ ಮಾಡಿದ್ವಿ. ಮುಗಿದ ಹಾಡನ್ನ ಒಮ್ಮೆ ಕ್ಯಾಸೆಟ್ಟಿಗೆ ತುಂಬಿ ಆ ಹಳೇ ಗರಗರ ತರಿಸೋದೂ ನಮ್ಮಿಬ್ಬರ ಚಟ. ಈ ಸಲ ಖಾಲಿ ಕ್ಯಾಸೆಟ್ ಹುಡುಕೋಕೆ ಮೈಬಗ್ಗದೆ, ನಮ್ಮಮ್ಮ ಹಾಡಿದ್ದ ಕ್ಯಾಸೆಟ್ ಮೇಲೇ ತುಂಬಿದ್ದೀಯ. ಗಂಟಲ ಆಪರೇಷನ್ ಆದ್ಮೇಲೆ ಅವಳ ದನಿ ಅಂತ ಉಳಿದಿದ್ದು ಅದೊಂದೇ ಅಂತ ನಿನಗೆ ಗೊತ್ತಿತ್ತು.

"ಅವರ ದನೀಲಿ ಬೇಕಾದ ನಾಲ್ಕು ಸೆಕೆಂಡ್ ನಮ್ಮ ಹಾಡಲ್ಲಿದೆಯಲ್ಲ" ಅಂದೆ ನೀನು. ಯಾರಿಗೆ ಬೇಕಾದ್ದು? ಆ ಕ್ಯಾಸೆಟ್ಟಲ್ಲಿ ಹಾಡಿ ಮುಗಿಸಿ ಅವಳು ಒಂದು ಮಾತಾಡಿದ್ಲು: "ಸಾಕು, ನಿಲ್ಲಿಸು. ನಿನ್ನ ಜೊತೆಗಾರ ಹಸಿದಿರ್ತಾನೆ, ಮೊದಲು ಅವನಿಗೆ ಬಡಿಸು." ನೀನು ಅಲ್ಲಿವರೆಗೆ ಕೇಳಲೇ ಇಲ್ಲ.

ಹಾಡಿನ ಪೋಸ್ಟರಿಂದ ನನ್ನ ಹೆಸರು ತೆಗೆಸು. ನಾವಿಬ್ರೂ ಸೇರಿ ಕೊಂಡ ಹೆಡ್‌ಫೋನ್ ನೀನೇ ಇಟ್ಕೋ.

"ನಿನ್ನ ಜೊತೆಗಾರ ಯಾಕೆ ಊಟಕ್ಕೆ ಬರ್ತಿಲ್ಲ?" ಅಂತ ಅಮ್ಮ ನಿನ್ನೆ ಸ್ಲೇಟಲ್ಲಿ ಬರೆದು ಕೇಳಿದ್ಲು. ಭಾನುವಾರ ಬಂದು ನೀನೇ ಹೇಳು. ಅಡುಗೆ ಮಾಡಿಟ್ಟಿರ್ತೀನಿ. ನಾನು ಮನೇಲಿರಲ್ಲ.

ಇಂತಿ,
ನಿನಗೆ ದನಿ ಹುಡುಕಿ ತರ್ತಿದ್ದವನು