ಉಡದಾರದ ಕೀಲಿ

12 ಆಗಸ್ಟ್ 1936, ಸಂಜೆ

ನೂಲಿನ ಅಂಗಡಿ ಬೇಗ ಮುಚ್ಚಿದೆ. ಬನಹಟ್ಟಿ ದವಾಖಾನೆ ಕಮಿಟಿಗೆ ಸೆಕ್ರೆಟರಿ ಆದಮೇಲೆ ಸಭೆಗೆ ಹೋಗಲೇಬೇಕು. ವಿಷಯ ಒಂದೇ — ನೇಕಾರ ಮಹಾಲಿಂಗಪ್ಪನ ಕಾಲು. ಕೊಳೆತಿದೆ ಎಂದು ಡಾಕ್ಟರ್ ಜಕ್ಕಪ್ಪ ಯಾರನ್ನೂ ಕೇಳದೆ ಕತ್ತರಿಸಿದರು. ಜೀವ ಉಳಿಯಿತು, ಖರೆ. ಮಗ್ಗ ತುಳಿಯುವ ಕಾಲು ಹೋಯಿತು. ಮಹಾಲಿಂಗಪ್ಪ ಸಭೆಯಲ್ಲೇ ಅತ್ತ. “ನನ್ನ ಕಾಲ್ರಿ... ಒಂದ್ ಮಾತ ನನ್ನ ಕೇಳಬಾರದಿತ್ತೇನ್ರಿ?”

ಠರಾವು ನಾನೇ ಬರೆದೆ. ದೊಡ್ಡ ಆಪರೇಶನ್‌ಗೆ ಅಧ್ಯಕ್ಷರ ಸಹಿ ಬೇಕು. ಕ್ಲೋರೋಫಾರ್ಮ್ ಕಪಾಟಿನ ಕೀಲಿ ಸೆಕ್ರೆಟರಿ ಹತ್ತಿರ. ಮೀರಿದರೆ ನೌಕರಿ ಇಲ್ಲ.

ಡಾಕ್ಟರು ಅಂದರು: “ರೋಗ ನಿಮ್ಮ ಸಹಿಗೆ ಕಾಯೂದಿಲ್ರಿ.”

“ದವಾಖಾನಿ ಊರಂದ್ರಿ, ನಿಮ್ಮದಲ್ಲ” ಅಂದೆ. ಎಲ್ಲರೂ ತಲೆದೂಗಿದರು. ಒಳ್ಳೆಯ ಮಾತು ಆಡಿದೆ ಅನಿಸಿತು.

3 ಸೆಪ್ಟೆಂಬರ್

ಡಾಕ್ಟರು ಕೀಲಿಗೆ ಬಂದಿದ್ದರು. ಹರ್ನಿಯಾ ಕೇಸು. ಅಧ್ಯಕ್ಷ ಶಿವಯೋಗೆಪ್ಪ ಸಾವಕಾರರ ಸಹಿ ತಂದಿದ್ದರು. ಆದರೂ ಅಂಗಡಿಯ ಕಟ್ಟಿಗೆ ಬಾಕಿನ ಮೇಲೆ ಕೂಡಿಸಿದೆ. ಗಿರಾಕಿ ಮುಗಿಯಲಿ ಅಂತ... ಗಿರಾಕಿ ಹೋಗಿ ಅರ್ಧ ತಾಸಾಗಿತ್ತು. ಹಿಪ್ಪರಗಿಯ ಕುರಿಗಾರರ ಮನೆಯಲ್ಲಿ ಹುಟ್ಟಿ ಮಿರಜಿನಲ್ಲಿ ಕಲಿತ ಮನುಷ್ಯ, ಟೊಪ್ಪಿಗೆ ಕೈಯಲ್ಲಿ ಹಿಡಿದು ನನ್ನ ಅಂಗಡಿಯಲ್ಲಿ ಕಾಯುತ್ತಿದ್ದದ್ದು ಹಿತವಾಗಿತ್ತು.

ಹೆಂಡತಿ ಹೀರಾ ಒಳಗಿನಿಂದ ನೋಡಿದ್ದಾಳೆ. “ಮಂದೀನ ಹಂಗ ಕುಂಡ್ರಿಸಬಾರದ್ರಿ” ಅಂದಳು. ನಿನಗೇನು ತಿಳಿಯುತ್ತದೆ ಎಂದು ಬೈದೆ.

29 ಸೆಪ್ಟೆಂಬರ್

ನಾಳೆ ಅನಂತ ಚತುರ್ದಶಿ. ಉಪವಾಸ, ಮೌನ — ನಾಡಿದ್ದು ಸೂರ್ಯೋದಯದವರೆಗೆ. ಬಸದಿ ಅಂಗಳ ದಾಟುವುದಿಲ್ಲ ಎಂದು ನೇಮ ಹಿಡಿದಿದ್ದೇನೆ. ಕೀಲಿ ಹೀರಾಳ ಕೈಗೆ ಕೊಡಬಹುದಿತ್ತು. ಉಡದಾರದಲ್ಲೇ ಇರಲಿ. ಒಂದು ದಿನಕ್ಕೆ ಏನಾಗುತ್ತದೆ.

1 ಅಕ್ಟೋಬರ್

ನಿನ್ನೆ ಸಿದ್ದಕ್ಕ ಹೋದಳು. ಮಹಾಲಿಂಗಪ್ಪನ ಹೆಂಡತಿ. ಹೊಟ್ಟೆಯಲ್ಲಿದ್ದ ಕೂಸೂ ಹೋಯಿತು.

ಪಾರಣೆಗೆ ಕೂತೆ. ಗಂಗಾಳ ಸರಿಸಿ ಎದ್ದೆ.

4 ಅಕ್ಟೋಬರ್

ಬರೆದುಬಿಡಬೇಕು. ಇಲ್ಲಾದರೂ.

ಆವತ್ತು ಮಧ್ಯಾಹ್ನ ಹನ್ನೆರಡು. ದವಾಖಾನೆಯ ಸೂಲಗಿತ್ತಿ ಬೋರವ್ವ ಓಡಿ ಬಂದು ಬಸದಿ ಬಾಗಿಲ ಹೊರಗೆ ನಿಂತಳು. “ಕೀಲಿ ಕೊಡ್ರಿ ಯಪ್ಪಾ. ಸಿದ್ದಕ್ಕನ ಕೂಸು ಅಡ್ಡ ಆಗೈತ್ರಿ, ಕೈ ಹೊರಗ ಬಂದೈತಿ. ಎಚ್ಚರ ತಪ್ಪೂ ಔಷಧ ಕೊಟ್ಟು ತಿರುಗಿಸಬೇಕಂತ್ರಿ.”

ಬೆರಳು ಮಾಡಿ ಸಾವಕಾರರ ಮನೆ ಕಡೆ ತೋರಿಸಿದೆ. ಮೊದಲು ಸಹಿ.

ಹೋದಳು. ಮರಳಿ ಬಂದಳು. “ಸಾವಕಾರ್ರು ಗಲಗಲಿಗೆ ಹೋಗ್ಯಾರಂತ್ರಿ. ನಿಮ್ಮ ಕಾಲಿಗೆ ಬೀಳ್ತೇನ್ರಿ...”

ಕಣ್ಣು ಮುಚ್ಚಿದೆ. ಜಪಮಣಿ ಎಣಿಸಿದೆ. ಧೋತರದೊಳಗೆ ಕೀಲಿ ಸೊಂಟಕ್ಕೆ ಒತ್ತುತ್ತಿತ್ತು. ಬಾಯಿ ತೆರೆಯಬೇಕಿರಲಿಲ್ಲ. ಬಿಚ್ಚಿ ಎಸೆದಿದ್ದರೆ ಮೌನವೂ ಮುರಿಯುತ್ತಿರಲಿಲ್ಲ. ಸಹಿಗೆ ಬೆರಳು ಎತ್ತಿದವನಿಗೆ ಕೀಲಿಗೆ ಕೈ ಏಳಲಿಲ್ಲ.

ವ್ರತಕ್ಕಾಗಿ ಸುಮ್ಮನಿದ್ದೆ ಎಂದು ಊರು ತಿಳಿದಿದೆ. ಸುಳ್ಳು. ಜಕ್ಕಪ್ಪ ತಾನೇ ಬರಲಿ, ಬಂದು ನಿಲ್ಲಲಿ ಎಂದಿತ್ತು ಮನಸ್ಸಿನಲ್ಲಿ. ಪಾಪಿ ನಾನು. ಒದ್ದಾಡುವ ಬಸುರಿಯನ್ನು ಬಿಟ್ಟು ಅವರು ಹೇಗೆ ಬಂದಾರು?

ಮೂರು ಗಂಟೆಗೆ ಬೀಗ ಒಡೆದರಂತೆ. ಅಷ್ಟರಲ್ಲಿ ತಡವಾಗಿತ್ತು.

8 ಅಕ್ಟೋಬರ್

ಕಮಿಟಿ ಕೂಡಿತ್ತು. ವಿಷಯ: ಡಾಕ್ಟರು ಅಪ್ಪಣೆ ಇಲ್ಲದೆ ಬೀಗ ಒಡೆದದ್ದು! ಸತ್ತವರ ಮಾತು ಆಮೇಲೆ ಬಂತು.

“ಒಡದದ್ದು ಖರೆ” ಅಂದರು ಡಾಕ್ಟರು. “ನೌಕರಿ ಹೋಗತೈತಂತ ಮೂರು ತಾಸು ಕಾದೆ. ನನ್ನ ತಪ್ಪು ಅದು.”

ಮಹಾಲಿಂಗಪ್ಪ ಕೋಲೂರಿ ಎದ್ದ. “ಕೀಲಿ ಯಾರ ಹಂತೇಕ ಇತ್ರಿ ಆವತ್ತ?”

ಸಾವಕಾರರೇ ನನ್ನನ್ನು ಉಳಿಸಿದರು. “ಪದ್ಮರಾಜಣ್ಣಾರು ವ್ರತದಾಗ ಇದ್ರಪಾ. ಅವರ್ನ ಯಾರೂ ಕೇಳೇ ಇಲ್ಲ.” ಬೋರವ್ವನನ್ನು ಸಭೆಗೆ ಕರೆದಿರಲೇ ಇಲ್ಲ. ಡಾಕ್ಟರು, ನಾನೇ ಹೇಳಲಿ ಎಂಬಂತೆ, ನನ್ನ ಮುಖ ನೋಡಿದರು.

ಮಹಾಲಿಂಗಪ್ಪ ನನಗೆ ಕೈ ಮುಗಿದ. “ವ್ರತದಾಗ ಇದ್ರಂದ್ರ ಅವರರೆ ಏನ ಮಾಡ್ತಾರ್ರಿ.”

ಇವತ್ತು ನನಗೆ ಯಾವ ಮೌನದ ನೇಮವೂ ಇರಲಿಲ್ಲ. ಸುಮ್ಮನೇ ಕೂತೆ. “ಕೀಲಿಯನ್ನು ಯಾರೂ ಕೇಳಿರುವುದಿಲ್ಲ” ಎಂದು ಈ ಕೈಯಿಂದಲೇ ಬರೆದೆ. ಡಾಕ್ಟರನ್ನು ತೆಗೆದುಹಾಕಿದೆವು.

11 ಅಕ್ಟೋಬರ್, ಬೆಳಿಗ್ಗೆ

ಜಮಖಂಡಿಗೆ, ಸಂಸ್ಥಾನದ ಕಾರಭಾರಿಗಳಿಗೆ ಪತ್ರ ಬರೆದಿದ್ದೇನೆ. ಇದು ಮೂರನೆಯದು, ಎರಡು ಹರಿದೆ. ಬೋರವ್ವ ಎರಡು ಸಲ ಕೇಳಿದಳು ಎಂದು ಇದರಲ್ಲಿದೆ. ಕಮಿಟಿ ಬೇಡ ಎಂದು ಬರೆದಿಲ್ಲ. ಮಹಾಲಿಂಗಪ್ಪನನ್ನು ಒಂದು ಮಾತು ಕೇಳಬೇಕಿತ್ತು, ಈಗಲೂ ಹಾಗೇ ಅನ್ನುತ್ತೇನೆ. ಆದರೆ ಕೀಲಿ ದವಾಖಾನೆಯಲ್ಲಿರಬೇಕು. ಹೀರಾಳಿಗೆ ಓದಿ ಹೇಳಿದೆ. “ಸಹಿ ಹಾಕ್ರಿ” ಅಂದಳು. ಸಹಿ ಒಂದೇ ಬಾಕಿ.

ಹೊರಗೆ ಗಾಡಿ ನಿಂತಿತು. ಡಾಕ್ಟರು. ಹಾಸಿಗೆ ಪೆಟ್ಟಿಗೆ ಹೇರಿಕೊಂಡು ಕುಡಚಿ ಸ್ಟೇಶನ್ನಿಗೆ ಹೊರಟಿದ್ದಾರೆ. ಒಳಗೆ ಬಂದು, ಯಾರೂ ಹೇಳದೆಯೇ, ಅದೇ ಬಾಕಿನ ಮೇಲೆ ಕೂತರು. ಕೈಯಲ್ಲಿ ಒಡೆದ ಬೀಗ.

“ಕಮಿಟಿ ಸಾಮಾನ್ರಿ, ಒಪ್ಪಿಸಿ ಹೋಗೂಣಂತ ಬಂದೆ. ಅವಸರಿಲ್ಲ, ನಿಮ್ಮ ಕೆಲಸ ಮುಗಿಸ್ಕೊಳ್ರಿ.”

ಅವರನ್ನು ಅಲ್ಲಿ ಕೂಡಿಸಿ ನಾನಿಲ್ಲಿ ಇದನ್ನು ಬರೆಯುತ್ತಿದ್ದೇನೆ. ಮತ್ತೆ ಅದೇ! ಏಳು, ಪದ್ಮರಾಜ. ಸಹಿ ಹಾಕು. ಅವರ ಎದುರಿಗೇ ಹಾಕು. ಗಾಡಿ ಹೊರಡುವ ಮೊದಲು—